ಪದಕದ ಅಂಚಿನಲ್ಲಿ ತಾತನ ಹೆಸರು

ಯುಗಾದಿಗೆ ಮುನ್ನ ಮನೆಗೆ ಸುಣ್ಣ ಬಳಿಯುವ ಕಾಲ. ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು ಎಷ್ಟೋ ವರ್ಷಗಳ ನಂತರ ಕೆಳಗಿಳಿಯುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರು, ಅರ್ಧ ಅಳಿಸಿಹೋದ ಒಂದು ಹೆಸರು. ಒಳಗೆ ಖಾಕಿ ಉಣ್ಣೆಯ ಕೋಟು, ಮಾಸಿದ ಫೋಟೋ, ಹಳೆಯ ಕಾಗದಗಳ ಕಟ್ಟು. ಎಲ್ಲಕ್ಕಿಂತ ಅಡಿಯಲ್ಲಿ ಬಟ್ಟೆಯ ಒಂದು ಪುಟ್ಟ ಗಂಟು. ಬಿಚ್ಚಿದರೆ ಆರು ಮೂಲೆಯ ಎರಡು ನಕ್ಷತ್ರಗಳು, ಬಿಳಿ ಲೋಹದ ಎರಡು ದುಂಡು ಬಿಲ್ಲೆಗಳು, ಟೋಪಿಗೆ ಸಿಕ್ಕಿಸುವ ಒಂದು ಲಾಂಛನ, ನಾಲ್ಕಾರು ಗುಂಡಿಗಳು.

"ಇದು ನಮ್ಮ ಮಾವನವರದು ಕಣೋ. ಅವರ ಧೈರ್ಯ ಮೆಚ್ಚಿ ಬ್ರಿಟಿಷ್ ರಾಜ ಕೊಟ್ಟಿದ್ದಂತೆ" ಎನ್ನುತ್ತಾರೆ ಅಜ್ಜಿ. ಯಾವ ಯುದ್ಧ, ಯಾವ ದೇಶ, ಯಾವ ಪಡೆ ಎಂದು ಮೊಮ್ಮಗ ಕೇಳಿದರೆ ಉತ್ತರವಿಲ್ಲ. ಅವರು ಮನೆಯಲ್ಲಿ ಆ ಮಾತನ್ನೇ ಎತ್ತುತ್ತಿರಲಿಲ್ಲವಂತೆ. ಅಷ್ಟರಲ್ಲಿ ಯಾರೋ ಅಡುಗೆಮನೆಯಿಂದ ಹುಣಸೆಹಣ್ಣು ತರುತ್ತಾರೆ. "ಎಷ್ಟು ಕಪ್ಪಾಗಿದೆ ನೋಡು, ಚೆನ್ನಾಗಿ ತಿಕ್ಕಿ ಗಾಜಿನ ಕಪಾಟಿನಲ್ಲಿಡೋಣ."

ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂಥ ಪ್ರಸಂಗ ನಡೆದಿದೆ. ಕೆಲವು ಮನೆಗಳಲ್ಲಿ ಆ ಬಿಲ್ಲೆಗಳು ಹಳೇ ಪಾತ್ರೆಯವನ ತಕ್ಕಡಿಗೂ ಹೋಗಿವೆ. ತಕ್ಕಡಿಗೆ ಹಾಕಿದರೆ ಪದಕವೇ ಹೋಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಪದಕ ಉಳಿದು ಹೆಸರು ಹೋಗುತ್ತದೆ. ಎರಡೂ ನಷ್ಟವೇ! ಏಕೆಂದರೆ ಆ ಪುಟ್ಟ ಲೋಹದ ತುಂಡು ಮಾತನಾಡಬಲ್ಲದು. ಮನೆಯವರಿಗೆ ತಿಳಿಯದ ಎಷ್ಟೋ ಸಂಗತಿಗಳನ್ನು ಅದು ಹೇಳಬಲ್ಲದು. ಕೇಳುವ ವಿಧಾನ ಮಾತ್ರ ಗೊತ್ತಿರಬೇಕು.

ಎಲ್ಲಿಂದ ಬಂದವು ಈ ಪದಕಗಳು?

ಒಂದನೆಯ ಮಹಾಯುದ್ಧದಲ್ಲಿ (1914–18) ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಮಂದಿ ಕಡಲಾಚೆಗೆ ಹೋದರು. ಎರಡನೆಯ ಮಹಾಯುದ್ಧದ (1939–45) ಹೊತ್ತಿಗೆ ಭಾರತೀಯ ಸೇನೆಯ ಸಂಖ್ಯೆ ಸುಮಾರು 25 ಲಕ್ಷಕ್ಕೇರಿತು. ಕಡ್ಡಾಯ ಸೇವೆಯಿಲ್ಲದೆ ಕಟ್ಟಿದ ಅಷ್ಟು ದೊಡ್ಡ ಸೈನ್ಯ ಚರಿತ್ರೆಯಲ್ಲಿ ಇನ್ನೊಂದಿಲ್ಲ ಎನ್ನುತ್ತಾರೆ. ಅವರಲ್ಲಿ ಬಂದೂಕು ಹಿಡಿದವರು ಮಾತ್ರ ಇರಲಿಲ್ಲ. ಲಾರಿ ಓಡಿಸಿದವರು, ಸೇತುವೆ ಕಟ್ಟಿದವರು, ಗಾಯಾಳುಗಳನ್ನು ಹೊತ್ತವರು, ಅಡುಗೆ ಮಾಡಿದವರು, ಹೇಸರಗತ್ತೆಗಳನ್ನು ನಡೆಸಿದವರು ಎಲ್ಲರೂ ಇದ್ದರು.

ಈ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರಲ್ಲಿ ಜೋಧಪುರದ ಸವಾರರ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿರುವ ಮೂರು ಪ್ರತಿಮೆಗಳು ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಸವಾರರನ್ನು ಪ್ರತಿನಿಧಿಸುತ್ತವೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ವಶವಾದಾಗ ಅಲ್ಲಿದ್ದ ಸೈನ್ಯದಲ್ಲಿ ಮೈಸೂರು ಸಂಸ್ಥಾನದ ಕಾಲಾಳು ಪಡೆಯೂ ಸೇರಿತ್ತು. ಬೆಂಗಳೂರನ್ನೇ ಕೇಂದ್ರವಾಗಿಟ್ಟುಕೊಂಡಿದ್ದ ಮದ್ರಾಸ್ ಸ್ಯಾಪರ್ಸ್ ಪಡೆ ಆಫ್ರಿಕಾ, ಇಟಲಿ, ಬರ್ಮಾಗಳಲ್ಲಿ ರಸ್ತೆ, ಸೇತುವೆಗಳ ಕೆಲಸ ಮಾಡಿತು. ಇನ್ನು ಕೊಡಗಿನ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ಹೋದವರಲ್ಲಿ ಬಹುಪಾಲು ಸಾಮಾನ್ಯ ಸಿಪಾಯಿಗಳು. ಹೊಟ್ಟೆಪಾಡಿಗಾಗಿ ಸೇರಿದವರು ಅನೇಕ. ಇತ್ತ 1942ರಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ನಡೆಯುತ್ತಿದ್ದಾಗ ಅತ್ತ ಅವರು ಬ್ರಿಟಿಷ್ ರಾಜನ ಸಮವಸ್ತ್ರ ತೊಟ್ಟು ಹೋರಾಡುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಆ ನೆನಪನ್ನು ಎಲ್ಲಿಡಬೇಕೆಂದು ಮನೆಗೂ ತಿಳಿಯಲಿಲ್ಲ, ನಾಡಿಗೂ ತಿಳಿಯಲಿಲ್ಲ. ಪದಕಗಳು ಟ್ರಂಕಿನ ತಳ ಸೇರಿದ್ದರಲ್ಲಿ ಆಶ್ಚರ್ಯವೇನು?

ಮೊದಲ ನಿಯಮ: ತಿಕ್ಕಬಾರದು

ಹುಣಸೆಹಣ್ಣು ಹಿತ್ತಾಳೆಯನ್ನು ಏಕೆ ಹೊಳೆಯಿಸುತ್ತದೆ? ತಾಮ್ರ ಬೆರೆತ ಲೋಹದ ಮೇಲ್ಮೈ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆಕ್ಸೈಡ್ ಪದರವಾಗುತ್ತದೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಆ ಪದರವನ್ನು ಕರಗಿಸುತ್ತದೆ. ಕೆಳಗಿನ ಹೊಸ ಲೋಹ ಹೊಳೆಯುತ್ತದೆ. ಅಂದರೆ ಪ್ರತಿ ಸಲವೂ ಒಂದು ಪದರ ಲೋಹ ಹೋದಂತೆಯೇ. ಜೊತೆಗೆ ಪುಡಿ, ಬೂದಿ, ತೆಂಗಿನ ನಾರು ಹಾಕಿ ಉಜ್ಜಿದರೆ ಉಬ್ಬಿದ ಅಕ್ಷರಗಳು ಸವೆಯುತ್ತವೆ. ಚೆಂಬಿಗೆ ಇದರಿಂದ ನಷ್ಟವಿಲ್ಲ. ಕೂದಲೆಳೆಯಷ್ಟೇ ಆಳದಲ್ಲಿ ಹೆಸರು ಒತ್ತಿರುವ ಪದಕಕ್ಕೆ ಅದು ದೊಡ್ಡ ನಷ್ಟ. ಬೆಳ್ಳಿಯ ಪದಕವನ್ನು ವಿಭೂತಿ ಹಾಕಿ ಉಜ್ಜುವುದೂ ಬೇಡ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ. ಆ ಕಪ್ಪು ಪದರ ಅಕ್ಷರಗಳ ಗುಳಿಯಲ್ಲಿ ನಿಂತರೆ ಓದಲು ಅನುಕೂಲವೇ ಆಗುತ್ತದೆ.

ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಪದಕಗಳು ಒಂದೇ ಪಟ್ಟಿಯಲ್ಲಿ ಹೊಲಿದಿದ್ದರೆ ಬಿಚ್ಚಬಾರದು. ರಿಬ್ಬನ್ ಹರಿದಿದ್ದರೂ ಎಸೆಯಬಾರದು. ಯಾವ ಪದಕದ ಪಕ್ಕ ಯಾವುದಿತ್ತು ಎಂಬುದೂ ಒಂದು ಸುಳಿವೇ. ಮೊದಲು ಎರಡೂ ಮುಖಗಳ ಫೋಟೋ ತೆಗೆದು, ಕಂಡದ್ದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ಪ್ರಯೋಗಶಾಲೆಯಲ್ಲಿ ಕಲಿಸುವುದೂ ಇದನ್ನೇ ಅಲ್ಲವೇ? ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ.

ಅಂಚನ್ನು ಓದುವುದು

ಪದಕ ಸಿಕ್ಕರೆ ಹೆಚ್ಚಿನವರು ಅದರ ಮುಖ ನೋಡುತ್ತಾರೆ. ತಿಳಿದವರು ಮೊದಲು ಅಂಚು ನೋಡುತ್ತಾರೆ. ದುಂಡು ಪದಕವಾದರೆ ದಪ್ಪ ಅಂಚಿನ ಸುತ್ತ, ನಕ್ಷತ್ರವಾದರೆ ಹಿಂಭಾಗದಲ್ಲಿ, ಪಡೆದವನ ವಿವರ ಒತ್ತಿರಬಹುದು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಈ ನಕ್ಷತ್ರಗಳನ್ನು ಹೆಸರಿಲ್ಲದೆಯೇ ಕೊಟ್ಟರು. ಆದರೆ ಭಾರತೀಯರಿಗೆ ಕೊಟ್ಟ ಪದಕಗಳಲ್ಲಿ ಅನೇಕವುಗಳ ಮೇಲೆ ಹೆಸರಿದೆ. ನಮ್ಮ ಮನೆಗಳ ಪಾಲಿಗೆ ಇದು ಭಾಗ್ಯವೇ ಸರಿ.

ಕಿಟಕಿಯ ಬಳಿ ಪದಕವನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ನೋಡಬೇಕು. ಬೆಳಕು ಪಕ್ಕದಿಂದ ಬಿದ್ದರೆ ಸವೆದ ಅಕ್ಷರದ ಗುಳಿಯಲ್ಲೂ ನೆರಳು ನಿಲ್ಲುತ್ತದೆ. ಆದರೂ ಕಾಣದಿದ್ದರೆ ತೆಳುವಾದ ಕಾಗದವನ್ನು ಮೇಲಿಟ್ಟು ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಉಜ್ಜಿದರೆ ಅಕ್ಷರಗಳು ಕಾಗದದ ಮೇಲೆ ಮೂಡಬಹುದು.

ಸಾಮಾನ್ಯವಾಗಿ ಅಲ್ಲಿ ನಾಲ್ಕು ಸಂಗತಿಗಳಿರುತ್ತವೆ: ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ. ದರ್ಜೆ ಮತ್ತು ಪಡೆಯ ಹೆಸರುಗಳು ಇಂಗ್ಲಿಷಿನ ಸಂಕ್ಷೇಪದಲ್ಲಿರುತ್ತವೆ. ಎಸ್, ಇ, ಪಿ ಎಂದಿದ್ದರೆ ಸಿಪಾಯಿ. ಎನ್, ಕೆ ಎಂದರೆ ನಾಯಕ್. ಎಚ್, ಎ, ವಿ ಎಂದರೆ ಹವಾಲ್ದಾರ್. ಜೆ, ಇ, ಎಂ ಎಂದರೆ ಜಮಾದಾರ್. ಎಸ್, ಪಿ, ಆರ್ ಎಂದರೆ ಸ್ಯಾಪರ್, ಅಂದರೆ ಎಂಜಿನಿಯರ್ ಪಡೆಯ ಸೈನಿಕ. ಡಿ, ವಿ, ಆರ್ ಎಂದರೆ ಡ್ರೈವರ್. ಪಡೆಯ ಜಾಗದಲ್ಲಿ ಆರ್.ಐ.ಎ.ಎಸ್.ಸಿ. ಎಂದಿದ್ದರೆ ಆಹಾರ, ಸಾಮಾನು ಸಾಗಿಸುತ್ತಿದ್ದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಐ.ಎ.ಎಂ.ಸಿ. ಎಂದರೆ 1943ರಲ್ಲಿ ರೂಪುಗೊಂಡ ವೈದ್ಯಕೀಯ ಪಡೆ.

ಹೆಸರಿನ ಕಾಗುಣಿತ ತಾತನ ಹೆಸರಿಗೆ ಸರಿಯಾಗಿ ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಕನ್ನಡದ ಹೆಸರನ್ನು ಕನ್ನಡ ಬಾರದ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರಬಹುದು. ಆಗ ನೆರವಿಗೆ ಬರುವುದು ಸಂಖ್ಯೆ. ಹೆಸರು ಹತ್ತು ಜನರಿಗೆ ಇದ್ದೀತು; ಒಂದು ಪಡೆಯೊಳಗೆ ಸಂಖ್ಯೆ ಅಷ್ಟು ಸುಲಭವಾಗಿ ಇನ್ನೊಬ್ಬರದರೊಂದಿಗೆ ಬೆರೆಯುವುದಿಲ್ಲ.

ಕಿರೀಟವೋ, ಸಿಂಹವೋ?

ಕಾಲವನ್ನು ತಿಳಿಯಲು ಸುಲಭದ ಗುರುತು ಇದು. ಪದಕದಲ್ಲಾಗಲಿ ಟೋಪಿಯ ಲಾಂಛನದಲ್ಲಾಗಲಿ ಕಿರೀಟವಿದ್ದರೆ ಅದು ಬ್ರಿಟಿಷ್ ಆಳ್ವಿಕೆಯ ಕಾಲದ ವಿನ್ಯಾಸ. ಅಶೋಕ ಸ್ತಂಭದ ಸಿಂಹಗಳಿದ್ದರೆ ಸ್ವತಂತ್ರ ಭಾರತದ್ದು. ಬ್ರಿಟಿಷ್ ಕಾಲದಲ್ಲೂ ಯಾವ ರಾಜನ ಕಾಲವೆಂದು ತಿಳಿಯಬಹುದು. ಜಿ, ಆರ್, ಐ ಅಕ್ಷರಗಳ ಜೊತೆ ರೋಮನ್ ಅಂಕಿ 5 ಇದ್ದರೆ ಐದನೆಯ ಜಾರ್ಜ್ (1910–36), 6 ಇದ್ದರೆ ಆರನೆಯ ಜಾರ್ಜ್ (1936–52). 'ಐ' ಎಂಬ ಅಕ್ಷರ ಚಕ್ರವರ್ತಿ ಎಂಬ ಅರ್ಥದ ಲ್ಯಾಟಿನ್ ಪದದ್ದು. ಭಾರತದ ಚಕ್ರವರ್ತಿ ಎಂಬ ಬಿರುದನ್ನು ಬ್ರಿಟಿಷ್ ರಾಜ 1948ರಲ್ಲಿ ಬಿಟ್ಟುಕೊಟ್ಟ.

ಎರಡು ಕಾಲಗಳ ನಡುವಿನ ಹೊಸ್ತಿಲಲ್ಲಿ ನಿಂತ ಒಂದು ಪದಕವೂ ಇದೆ. 1947ರ ಸ್ವಾತಂತ್ರ್ಯ ಪದಕದ ಒಂದು ಮುಖದಲ್ಲಿ ಅಶೋಕ ಚಕ್ರ, ಅದರ ಮೇಲೆ ಕಿರೀಟ! ಇನ್ನೊಂದು ಮುಖದಲ್ಲಿ ಅಶೋಕನ ಸಿಂಹಗಳು ಮತ್ತು 1947ರ ಆಗಸ್ಟ್ 15ರ ದಿನಾಂಕ. ರಿಬ್ಬನ್ ಕೇಸರಿ, ಬಿಳಿ, ಹಸಿರು. ಟ್ರಂಕಿನಲ್ಲಿ ಇದು ಸಿಕ್ಕರೆ, ಯುದ್ಧ ಮುಗಿದ ಮೇಲೂ ತಾತ ಸೇನೆಯಲ್ಲಿ ಉಳಿದಿದ್ದರು ಎಂದು ತಿಳಿಯಬಹುದು.

ನಕ್ಷತ್ರಗಳ ಭಾಷೆ

ಎರಡನೆಯ ಮಹಾಯುದ್ಧಕ್ಕಾಗಿ ಎಂಟು ಬಗೆಯ ನಕ್ಷತ್ರಗಳನ್ನು ಮಾಡಿದರು. ಎಲ್ಲವೂ ತಾಮ್ರ ಮತ್ತು ಸತು ಬೆರೆತ ಹಳದಿ ಲೋಹದವು. ಎಲ್ಲಕ್ಕೂ ಆರು ಮೂಲೆ, ನಡುವೆ ರಾಜನ ಅಕ್ಷರಗಳು, ಅವುಗಳ ಮೇಲೆ ಕಿರೀಟ. ಸುತ್ತಲಿನ ಬಳೆಯಲ್ಲಿ ಬರೆದ ಹೆಸರು ಮಾತ್ರ ಬೇರೆ ಬೇರೆ. ಅಕ್ಷರ ಸವೆದಿದ್ದರೆ ರಿಬ್ಬನ್ ಉತ್ತರ ಹೇಳುತ್ತದೆ, ಏಕೆಂದರೆ ಬಣ್ಣಗಳನ್ನು ಸುಮ್ಮನೆ ಆರಿಸಿರಲಿಲ್ಲ. ಭಾರತೀಯರ ಮನೆಗಳಲ್ಲಿ ಸಿಗಬಹುದಾದವು ಮುಖ್ಯವಾಗಿ ಐದು.

'1939–45 ಸ್ಟಾರ್' ಪದಕದ ರಿಬ್ಬನ್ನಿನಲ್ಲಿ ಕಡುನೀಲಿ, ಕೆಂಪು, ತಿಳಿನೀಲಿ ಮೂರು ಸಮಾನ ಪಟ್ಟೆಗಳು. ಅವು ಕ್ರಮವಾಗಿ ನೌಕಾಪಡೆ, ಭೂಸೇನೆ, ವಾಯುಪಡೆಗಳ ಗುರುತು. ಯುದ್ಧರಂಗದ ಪ್ರದೇಶದಲ್ಲಿ ನಿಗದಿತ ಕಾಲ ಸೇವೆ ಮಾಡಿದವರಿಗೆ ಇದು ಸಲ್ಲುತ್ತಿತ್ತು.

'ಆಫ್ರಿಕಾ ಸ್ಟಾರ್' ರಿಬ್ಬನ್ ಮರುಭೂಮಿಯ ಮರಳಿನ ಬಣ್ಣದ್ದು. ನಡುವೆ ಕೆಂಪು ಪಟ್ಟೆ, ಇಕ್ಕೆಲಗಳಲ್ಲಿ ತೆಳುವಾದ ನೀಲಿ ಗೆರೆಗಳು. 1940ರ ಜೂನ್ 10ರಿಂದ 1943ರ ಮೇ 12ರವರೆಗಿನ ಆಫ್ರಿಕಾ ಕಾಳಗಕ್ಕೆ ಸಂಬಂಧಿಸಿದ್ದು. ರಿಬ್ಬನ್ನಿನ ಮೇಲೆ '8' ಎಂಬ ಅಂಕಿ ಇದ್ದರೆ ಎಂಟನೆಯ ಸೈನ್ಯದಲ್ಲಿದ್ದವರು ಎಂದರ್ಥ.

'ಇಟಲಿ ಸ್ಟಾರ್' ರಿಬ್ಬನ್ನಿನಲ್ಲಿ ಇಟಲಿ ಬಾವುಟದ ಕೆಂಪು, ಬಿಳಿ, ಹಸಿರು ಬಣ್ಣಗಳೇ ಇವೆ. ಕಾಲ 1943ರ ಜೂನ್‌ನಿಂದ 1945ರ ಮೇವರೆಗೆ.

'ಬರ್ಮಾ ಸ್ಟಾರ್' ರಿಬ್ಬನ್ ನಡುವೆ ಅಗಲವಾದ ಕೆಂಪು. ಎರಡೂ ಬದಿಯ ಕಡುನೀಲಿಯ ನಡುವೆ ಕಿತ್ತಳೆ ಬಣ್ಣದ ಗೆರೆ. ಕಿತ್ತಳೆ ಎಂದರೆ ಸೂರ್ಯ. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗಿನ ಸೇವೆಗೆ ಇದು.

'ಪೆಸಿಫಿಕ್ ಸ್ಟಾರ್' ರಿಬ್ಬನ್ನಿನಲ್ಲಿ ಕಾಡಿನ ಹಸಿರು, ಸಮುದ್ರ ತೀರದ ಹಳದಿ, ಅಂಚಿಗೆ ಕೆಂಪು. 1942ರ ಫೆಬ್ರುವರಿಯಲ್ಲಿ ಸಿಂಗಪುರ ಬೀಳುವವರೆಗೆ ಮಲಯ, ಸಿಂಗಪುರಗಳಲ್ಲಿ ಹೋರಾಡಿದವರಿಗೆ ಸಲ್ಲುವುದು ಇದು. ಇಂಥ ನಕ್ಷತ್ರ ಸಿಕ್ಕ ಮನೆಯವರು ತಾತ ಜಪಾನೀಯರ ಸೆರೆಯಲ್ಲಿದ್ದರೇ ಎಂದು ಹಿರಿಯರನ್ನು ಕೇಳಿ ನೋಡಬೇಕು. ಸಿಂಗಪುರದಲ್ಲಿ ಸೆರೆಯಾದ ಭಾರತೀಯರಲ್ಲಿ ಸಾವಿರಾರು ಮಂದಿ ಆಮೇಲೆ ಆಜಾದ್ ಹಿಂದ್ ಫೌಜ್ ಸೇರಿದರು. ಸಾವಿರಾರು ಮಂದಿ ಸೇರದೆ ಸೆರೆಯಲ್ಲೇ ಉಳಿದರು. ಎರಡೂ ಕಡೆ ಅನುಭವಿಸಿದ ಕಷ್ಟ ಸಣ್ಣದಲ್ಲ.

ಬಿಳಿ ಬಿಲ್ಲೆಯೆಲ್ಲ ಬೆಳ್ಳಿಯಲ್ಲ

ಎರಡನೆಯ ಮಹಾಯುದ್ಧದ ದುಂಡು ಪದಕಗಳಲ್ಲಿ ಹೆಚ್ಚು ಸಿಗುವುದು 'ವಾರ್ ಮೆಡಲ್ 1939–45'. ಮುಂದೆ ಕಿರೀಟಧಾರಿ ಆರನೆಯ ಜಾರ್ಜ್. ಹಿಂದೆ ಎರಡು ತಲೆಯ ಘಟಸರ್ಪದಂಥ ಪ್ರಾಣಿಯನ್ನು ತುಳಿದು ನಿಂತ ಸಿಂಹ. 28 ದಿನಗಳ ಪೂರ್ಣ ಕಾಲದ ಸೇವೆ ಮಾಡಿದ ಸೈನಿಕರಿಗೆಲ್ಲ ಇದು ಸಲ್ಲುತ್ತಿತ್ತು. ಇನ್ನೊಂದು 'ಇಂಡಿಯಾ ಸರ್ವಿಸ್ ಮೆಡಲ್'. ಇದರ ಹಿಂಭಾಗದಲ್ಲಿ ಭಾರತದ ಭೂಪಟ, ದೇಶ ವಿಭಜನೆಗೆ ಮುಂಚಿನದು! ಭಾರತದಲ್ಲೇ ಮೂರು ವರ್ಷ ಸೇವೆ ಮಾಡಿದ ಭಾರತೀಯ ಪಡೆಗಳವರಿಗೆ ಇದನ್ನು ಕೊಟ್ಟರು.

ಇವೆರಡೂ ಬೆಳ್ಳಿಯಂತೆ ಕಂಡರೂ ಬೆಳ್ಳಿಯಲ್ಲ. ತಾಮ್ರ ಮತ್ತು ನಿಕ್ಕಲ್ ಬೆರೆತ ಲೋಹ. ಹಿಂದೆ ಚಲಾವಣೆಯಲ್ಲಿದ್ದ ನಮ್ಮ ಎಷ್ಟೋ ನಾಣ್ಯಗಳ ಲೋಹವೂ ಅದೇ. ಆದರೆ ಒಂದನೆಯ ಮಹಾಯುದ್ಧದ 'ಬ್ರಿಟಿಷ್ ವಾರ್ ಮೆಡಲ್' ನಿಜವಾದ ಬೆಳ್ಳಿಯದು. ಅದರ ಹಿಂಭಾಗದಲ್ಲಿ ಕುದುರೆಯ ಮೇಲೆ ಕುಳಿತ ಸಂತ ಜಾರ್ಜ್, 1914 ಮತ್ತು 1918 ಎಂಬ ಇಸವಿಗಳು. ಅದರ ಜೋಡಿ 'ವಿಕ್ಟರಿ ಮೆಡಲ್' ಕಂಚಿನದು. ರೆಕ್ಕೆಯುಳ್ಳ ವಿಜಯದೇವತೆಯ ಚಿತ್ರ, ಕಾಮನಬಿಲ್ಲಿನ ಬಣ್ಣದ ರಿಬ್ಬನ್. ಮುತ್ತಾತನ ತಂದೆ ಮೈಸೂರು ಲ್ಯಾನ್ಸರ್ಸ್ ಸವಾರರಾಗಿದ್ದರೆ ಮನೆಯಲ್ಲಿ ಈ ಜೋಡಿ ಇದ್ದೀತು. ಬೆಳ್ಳಿಯದೆಂಬ ಕಾರಣಕ್ಕೇ ಈ ಪದಕಗಳಲ್ಲಿ ಅನೇಕವು ಕರಗಿ ಹೋದವು.

ಬೆಳ್ಳಿಯೋ ಅಲ್ಲವೋ ಎಂದು ಗೀರಿ ನೋಡುವ ಅಗತ್ಯವಿಲ್ಲ. ಪ್ರೌಢಶಾಲೆಯಲ್ಲಿ ಓದಿದ ಆರ್ಕಿಮಿಡೀಸನ ತತ್ತ್ವ ಸಾಕು. ರಿಬ್ಬನ್ ಇಲ್ಲದ ಪದಕವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಬೇಕು. ಆಮೇಲೆ ದಾರ ಕಟ್ಟಿ ಶುದ್ಧ ನೀರಿನಲ್ಲಿ ಮುಳುಗಿಸಿ ತೂಗಬೇಕು. ಪದಕ 31 ಗ್ರಾಂ ಇದೆ ಎನ್ನೋಣ. ಆಭರಣದ ಗುಣಮಟ್ಟದ ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 10.3 ಗ್ರಾಂ. ಹಾಗಾಗಿ ನೀರಿನಲ್ಲಿ ಅದು ಸುಮಾರು 3 ಗ್ರಾಂ ಕಳೆದುಕೊಂಡಂತೆ ತೋರುತ್ತದೆ. ತಾಮ್ರ–ನಿಕ್ಕಲ್ ಮಿಶ್ರಲೋಹದ ಸಾಂದ್ರತೆ ಸುಮಾರು 8.9, ಅಷ್ಟೇ ತೂಕದ ಪದಕ ಸುಮಾರು 3.5 ಗ್ರಾಂ ಕಳೆದುಕೊಳ್ಳುತ್ತದೆ. ಅರ್ಧ ಗ್ರಾಂ ವ್ಯತ್ಯಾಸ ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಕೂಡಲೇ ಒರೆಸಿ ಒಣಗಿಸುವುದನ್ನು ಮರೆಯಬಾರದು. ರಿಬ್ಬನ್ ಹೊಲಿದಿದ್ದರೆ ಈ ಪ್ರಯೋಗವೇ ಬೇಡ.

ಅಂಗೈಗಿಂತ ಅಗಲವಾದ, ಸುಮಾರು 12 ಸೆಂಟಿಮೀಟರ್ ವ್ಯಾಸದ ಕಂಚಿನ ಫಲಕ ಸಿಕ್ಕರೆ ಅದರ ಕತೆಯೇ ಬೇರೆ. ಸಿಂಹದ ಜೊತೆ ನಿಂತ ಬ್ರಿಟಾನಿಯಾ ದೇವತೆ, ಒಂದು ಚೌಕಟ್ಟಿನಲ್ಲಿ ಹೆಸರು. ಇದು ಪದಕವಲ್ಲ. ಒಂದನೆಯ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಕಳಿಸಿದ ಸ್ಮಾರಕ ಫಲಕ. ಇದರ ಮೇಲೆ ದರ್ಜೆ ಬರೆಯುತ್ತಿರಲಿಲ್ಲ. ಸಾವಿನಲ್ಲಿ ಎಲ್ಲರೂ ಸಮಾನರೆಂಬ ಭಾವ.

ಲಾಂಛನ, ಗುಂಡಿ, ಬಟ್ಟೆಯ ತುಂಡು

ಪದಕ ಎಲ್ಲಿ, ಯಾವಾಗ ಎಂದು ಹೇಳಿದರೆ ಲಾಂಛನ ಯಾವ ಪಡೆ ಎಂದು ಹೇಳುತ್ತದೆ. ಎರಡು ತಲೆಯ ಗಂಡಭೇರುಂಡವಿದ್ದರೆ ಮೈಸೂರು ಸಂಸ್ಥಾನದ ಪಡೆ ಎಂದು ಕನ್ನಡಿಗರಿಗೆ ಯಾರೂ ಹೇಳಬೇಕಿಲ್ಲ. ಗುರಾಣಿ, ಅಡ್ಡಹಾಯ್ದ ಕತ್ತಿಗಳ ಜೊತೆ ಆನೆಯಿದ್ದರೆ ಮದ್ರಾಸ್ ರೆಜಿಮೆಂಟ್ ಎಂದು ಊಹಿಸಬಹುದು. ಗುಂಡಿಗಳ ಹಿಂಭಾಗವನ್ನೂ ತಿರುಗಿಸಿ ನೋಡಬೇಕು; ತಯಾರಕರ ಹೆಸರು ಇದ್ದರೂ ಇದ್ದೀತು.

ತೋಳಿಗೆ ಹೊಲಿಯುತ್ತಿದ್ದ ಬಟ್ಟೆಯ ತುಂಡನ್ನು ಚಿಂದಿಯೆಂದು ಎಸೆದುಬಿಡುವುದು ಸಾಮಾನ್ಯ. ಅದು ಡಿವಿಷನ್ನಿನ ಗುರುತು. ಕೆಂಪು ಹದ್ದು ಇದ್ದರೆ 4ನೆಯ ಭಾರತೀಯ ಡಿವಿಷನ್, ಕೆಂಪು ಚೆಂಡಾದರೆ 5ನೆಯದು. ಬಂಗಾರ ಬಣ್ಣದ ಬಾಣವಾದರೆ 7ನೆಯದು. ಕಪ್ಪು ಬೆಕ್ಕು ಬರ್ಮಾದಲ್ಲಿ ಕಾದಾಡಿದ 17ನೆಯ ಡಿವಿಷನ್. ಜಗಳಕ್ಕೆ ನಿಂತ ಹುಂಜ 23ನೆಯದು. ಓದು ಬರದ ಸೈನಿಕನೂ ತನ್ನ ಪಡೆಯ ಲಾರಿಯನ್ನು ಈ ಚಿತ್ರದಿಂದಲೇ ಗುರುತಿಸಬಹುದಿತ್ತು.

ಒಂದು ಉದಾಹರಣೆ

ಈಗ ಆ ಗಂಟಿನೊಳಗಿನ ನಾಲ್ಕು ಪದಕಗಳಿಗೆ ಬರೋಣ. ನೋಡಿದಾಗ ಅವು 1939–45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್ ಮತ್ತು ಇಂಡಿಯಾ ಸರ್ವಿಸ್ ಮೆಡಲ್ ಎಂದು ತಿಳಿಯಿತು ಎನ್ನೋಣ. ಅಂಚಿನಲ್ಲಿ ಒಂದು ಸಂಖ್ಯೆ, 'ಎಸ್, ಪಿ, ಆರ್' ಎಂಬ ದರ್ಜೆ, ತಾತನ ಹೆಸರು. ಇದರಿಂದ ಏನು ಹೇಳಬಹುದು?

ಅವರು ಎಂಜಿನಿಯರ್ ಪಡೆಯ ಸೈನಿಕ. ಭಾರತದಲ್ಲಿ ಕನಿಷ್ಠ ಮೂರು ವರ್ಷ ಇದ್ದರು. ಬರ್ಮಾ ಯುದ್ಧಕ್ಕೆ ಸಂಬಂಧಿಸಿದ ಪ್ರದೇಶದಲ್ಲಿ ಸೇವೆ ಮಾಡಿದರು. ಇಷ್ಟು ಖಚಿತ. ಬರ್ಮಾದ ಒಳಕ್ಕೆ ಹೋಗಿದ್ದರೇ? ಅದನ್ನು ಪದಕ ಮಾತ್ರದಿಂದ ಹೇಳಲಾಗದು. ಅಸ್ಸಾಂ ಮತ್ತು ಬಂಗಾಳದ ನಿಗದಿತ ಪ್ರದೇಶಗಳಲ್ಲಿ ನಿಗದಿತ ಅವಧಿಯಲ್ಲಿ ಇದ್ದವರಿಗೂ ಆ ನಕ್ಷತ್ರ ಸಲ್ಲುತ್ತಿತ್ತು. ಅದಕ್ಕೆ ಕಾಗದಪತ್ರ ಬೇಕು.

ಮತ್ತೆ ಶೌರ್ಯ? ಇಲ್ಲೇ ಮನೆಯವರ ಮನಸ್ಸಿಗೆ ಸ್ವಲ್ಪ ನೋವಾಗುವುದು. ಈ ನಾಲ್ಕೂ ಸೇವಾ ಪದಕಗಳು. ನಿಗದಿತ ಕಾಲ, ನಿಗದಿತ ಸ್ಥಳದಲ್ಲಿದ್ದ ಎಲ್ಲರಿಗೂ ಕೊಟ್ಟವು. ಶೌರ್ಯ ಪದಕಗಳು ಬೇರೆ. ಅವು ಬಾಯಿಬಿಟ್ಟೇ ಹೇಳುತ್ತವೆ. ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್ ಪದಕದ ಮೇಲೆ ವಿಶಿಷ್ಟ ಸೇವೆಗಾಗಿ ಎಂದೂ, ಮಿಲಿಟರಿ ಮೆಡಲ್ ಮೇಲೆ ರಣರಂಗದ ಧೈರ್ಯಕ್ಕಾಗಿ ಎಂದೂ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ವಾರ್ ಮೆಡಲ್ ರಿಬ್ಬನ್ನಿನ ಮೇಲೆ ಕಂಚಿನ ಪುಟ್ಟ ಓಕ್ ಎಲೆಯಿದ್ದರೆ, ಸೇನಾಧಿಕಾರಿಯ ವರದಿಯಲ್ಲಿ ಹೆಸರು ಉಲ್ಲೇಖವಾಗಿದೆ ಎಂದರ್ಥ. ಆ ಎಲೆ ಬಿದ್ದುಹೋಗಿದೆಯೇ ಎಂದು ರಿಬ್ಬನ್ನಿನಲ್ಲಿ ತೂತು ಹುಡುಕಬೇಕು.

ಹಾಗಾದರೆ ಅಜ್ಜಿಯ ಮಾತು ಸುಳ್ಳೇ? ರಾಜ ಮೆಚ್ಚಿ ಕೊಟ್ಟ ಎಂಬ ಕತೆ ನಿಲ್ಲುವುದಿಲ್ಲ, ನಿಜ. ಆದರೆ ಅದರ ಜಾಗಕ್ಕೆ ಬರುವ ಸತ್ಯ ಸಣ್ಣದೇನಲ್ಲ. ಬರ್ಮಾ ರಂಗದಲ್ಲಿ ಗುಂಡಿನಷ್ಟೇ ಮಲೇರಿಯಾ, ಭೇದಿ, ಮಳೆ, ಕೆಸರು ಸೈನಿಕರನ್ನು ಕಾಡಿದವು. ಸ್ಯಾಪರ್‌ಗಳ ಕೆಲಸ ಎಂಥದೆಂದು ತಿಳಿಯಲು ಒಂದು ಹೆಸರು ಸಾಕು. 1944ರ ಫೆಬ್ರುವರಿ 24ರಂದು ಇಟಲಿಯ ಮಿಗ್ನಾನೊ ಬಳಿ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಸಂಗಡಿಗರನ್ನು ಉಳಿಸಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಸಂದಿತು. ತಾತ ಅಂಥ ಪಡೆಯಲ್ಲಿ, ಅಂಥದೇ ಕೆಲಸದಲ್ಲಿ ಇದ್ದವರು. ಕತೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಇದ್ದದ್ದು ಇದ್ದಂತೆ ಹೇಳುವುದೇ ಅವರಿಗೆ ಸಲ್ಲಿಸುವ ಗೌರವ.

1947ರ ನಂತರದವು

ಕೆಲವು ಮನೆಗಳಲ್ಲಿ ಸ್ವತಂತ್ರ ಭಾರತದ ಪದಕಗಳೂ ಇರುತ್ತವೆ. ಇವುಗಳ ಮೇಲೆ ಹಿಂದಿ ಹಾಗೂ ಇಂಗ್ಲಿಷ್ ಬರಹವಿರುವುದರಿಂದ ಗುರುತಿಸುವುದು ಸುಲಭ. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ. 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಪದಕ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು.

ಎಲ್ಲಿ ವಿಚಾರಿಸಬೇಕು?

ಮೊದಲ ದಾಖಲೆ ಕಚೇರಿ ಮನೆಯೇ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಫೋಟೋದ ಹಿಂಬದಿಯ ಬರಹ, ಪತ್ರದ ಮೇಲಿನ ಅಂಚೆ ಮುದ್ರೆ ಇವನ್ನೆಲ್ಲ ಒಟ್ಟಿಗಿಡಬೇಕು. ಸಮವಸ್ತ್ರದ ಫೋಟೋ ಇದ್ದರೆ ಟೋಪಿ, ಭುಜ, ತೋಳುಗಳನ್ನು ದೊಡ್ಡದು ಮಾಡಿ ನೋಡಬೇಕು. ಮನೆಯ ಹಿರಿಯರು ಹೇಳುವುದನ್ನು ಇಂದೇ ಬರೆದಿಟ್ಟುಕೊಳ್ಳಬೇಕು. ಲೋಹ ನೂರು ವರ್ಷ ಕಾದೀತು, ನೆನಪು ಕಾಯುವುದಿಲ್ಲ.

ಆಮೇಲೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಮಾರ್ಗದರ್ಶನ ಕೇಳಬಹುದು. ಪಡೆಯ ಹೆಸರು ತಿಳಿದರೆ ಅದರ ದಾಖಲೆ ಕಚೇರಿಗೆ ಸಂಖ್ಯೆ, ದರ್ಜೆ, ಹೆಸರು ಬರೆದು ಪತ್ರ ಹಾಕಬಹುದು. ಎಲ್ಲರ ಕಾಗದಗಳೂ ಉಳಿದಿರುವುದಿಲ್ಲ ಎಂಬುದು ಮಾತ್ರ ಗಮನದಲ್ಲಿರಬೇಕು. ಹಳೆಯ ಪಡೆಗಳ ಹೆಸರು ಬದಲಾಗಿರುವುದುಂಟು. ಮದ್ರಾಸ್ ಸ್ಯಾಪರ್ಸ್ ಈಗ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಮೈಸೂರು ಲ್ಯಾನ್ಸರ್ಸ್ 61ನೆಯ ಅಶ್ವದಳದಲ್ಲಿ ಸೇರಿಹೋಯಿತು. ಮೈಸೂರು ಕಾಲಾಳು ಪಡೆ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು. ಸಂಸ್ಥಾನ ಕಾಲದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಿದೆ. ಪದಕಗಳನ್ನು ಕಣ್ಣಾರೆ ನೋಡಿ ಹೋಲಿಸಬೇಕೆನ್ನುವವರು ವಸ್ತುಸಂಗ್ರಹಾಲಯಗಳಿಗೆ ಹೋಗಬಹುದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಯುದ್ಧದಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಹೆಸರು ಹುಡುಕಬೇಕು. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರು ಅಲ್ಲಿದೆ. ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ಸಮಾಧಿಯಿಲ್ಲದವರ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಬರ್ಮಾದ ರಂಗೂನ್ ಸ್ಮಾರಕದಲ್ಲಿ ಸುಮಾರು 27,000 ಹೆಸರುಗಳಿವೆ. ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿ 24,000ಕ್ಕೂ ಹೆಚ್ಚು. ಆದರೆ ಬದುಕಿ ಊರಿಗೆ ಮರಳಿದವರ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗೆ ಕಲ್ಲಿನ ಸ್ಮಾರಕವೂ ಇಲ್ಲ. ಊರಿಗೆ ಬಂದು, ನೇಗಿಲು ಹಿಡಿದು, ಮಕ್ಕಳನ್ನು ಓದಿಸಿ, ಯುದ್ಧದ ಮಾತೆತ್ತದೆ ತೀರಿಕೊಂಡ ಸಿಪಾಯಿಯ ಹೆಸರು ಎಲ್ಲಿಯಾದರೂ ಲೋಹದಲ್ಲಿ ಉಳಿದಿದ್ದರೆ ಅದು ಆ ಪದಕದ ಅಂಚಿನಲ್ಲಿ ಮಾತ್ರ.

ಕಾಪಾಡುವುದು ಹೇಗೆ?

ಪದಕಗಳನ್ನು ಬರಿಗೈಯಿಂದ ಪದೇ ಪದೇ ಮುಟ್ಟಬಾರದು. ಬೆವರಿನ ಉಪ್ಪು ಲೋಹವನ್ನು ತಿನ್ನುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆಯಾಗಿ ಸುತ್ತಿ, ಒಣ ಜಾಗದಲ್ಲಿಡಬೇಕು. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿದ್ದರೆ ಒಳ್ಳೆಯದು. ರಬ್ಬರ್ ಬ್ಯಾಂಡ್ ಹಾಕಬಾರದು. ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುಹಾಕುವುದಾದರೆ ಬಿಸಿಲು ಬೀಳದ ಕಡೆ ಇರಲಿ. ರಿಬ್ಬನ್ನಿನ ಬಣ್ಣ ಬೆಳಕಿಗೆ ಮಾಸುತ್ತದೆ. ಜೊತೆಯಲ್ಲಿ ಒಂದು ಕಾಗದದ ಮೇಲೆ ಯಾರದು, ಯಾವ ಪದಕ, ಯಾವ ಕಾಲದ್ದು ಎಂದು ಬರೆದಿಡಬೇಕು. ಇಲ್ಲದಿದ್ದರೆ ಇನ್ನೊಂದು ತಲೆಮಾರಿನ ನಂತರ ಮತ್ತೆ ಅದೇ ಪ್ರಶ್ನೆ!

ಸಮಾರಂಭಗಳಲ್ಲಿ ಧರಿಸುವ ಬಗ್ಗೆಯೂ ಒಂದು ಸಂಪ್ರದಾಯವಿದೆ. ಪದಕ ಪಡೆದವರು ಎದೆಯ ಎಡಭಾಗದಲ್ಲಿ ಧರಿಸುತ್ತಾರೆ. ತೀರಿಕೊಂಡವರ ಪದಕವನ್ನು ಮನೆಯವರು ಧರಿಸುವುದಾದರೆ ಬಲಭಾಗದಲ್ಲಿ. ಇದು ನನ್ನದಲ್ಲ, ನನ್ನ ಹಿರಿಯರದು ಎಂದು ಹೇಳುವ ಕ್ರಮ ಅದು.

ಆದ್ದರಿಂದ ಈ ಸಲ ಟ್ರಂಕು ಕೆಳಗಿಳಿದಾಗ ಹುಣಸೆಹಣ್ಣು ಅಡುಗೆಮನೆಯಲ್ಲೇ ಇರಲಿ. ಕಿಟಕಿಯ ಬೆಳಕಿಗೆ ಆ ಕಪ್ಪಾದ ಬಿಲ್ಲೆಯನ್ನು ಓರೆ ಹಿಡಿದು ಮೊಮ್ಮಗನೇ ಒಂದೊಂದು ಅಕ್ಷರ ಓದಲಿ, ಅಜ್ಜಿ ಪಕ್ಕದಲ್ಲಿ ಕುಳಿತು ಕೇಳಲಿ. ಮಾವನವರ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಆಕೆಗೆ, ಮೊಮ್ಮಗನ ಬಾಯಿಂದ ಅದನ್ನು ಕೇಳುವುದು ಒಂದು ಸಂತೋಷವೇ.